ತೋಳವನ್ನು ನಾಯಿ ಎಂದು ಬರೆದದ್ದು

ಆ ಪ್ರಮಾಣಪತ್ರದ ಕೆಳಗಿರುವ ಸಹಿ ನನ್ನದು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಯಾರ ಮೇಲೆ ಸಿಟ್ಟಾದರೂ ಅದು ನಿವೃತ್ತಿಯಾದ ಮೇಲೆ ಬರುವ ಅಗ್ಗದ ಧೈರ್ಯದಂತೆ ಕಾಣುತ್ತದೆ.

ನಾನು ದನದ ಡಾಕ್ಟರು. ಅಫಜಲಪುರದ ಹತ್ತಿರದ ಹಳ್ಳಿಯವಳು. ನೌಕರಿ ಪೂರ್ತಿ ಜೇವರ್ಗಿ, ಅಫಜಲಪುರ, ಆಳಂದ ಈ ಮೂರು ತಾಲೂಕುಗಳಲ್ಲೇ ಕಳೆಯಿತು. ಜನ ನನ್ನನ್ನು ಡಾಕ್ಟರಬಾಯಿ ಎಂದು ಕರೆಯುತ್ತಿದ್ದರು. ಈಗಲೂ ಸಂತೆಯಲ್ಲಿ ಸಿಕ್ಕವರು ಹಾಗೇ ಕರೆದು, ಅಲ್ಲೇ ನಿಲ್ಲಿಸಿಕೊಂಡು, ಎಮ್ಮೆ ಹಾಲು ಕಡಿಮೆ ಮಾಡಿದೆ ಎಂದು ದೂರು ಹೇಳುತ್ತಾರೆ. ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಆಗಾಗ ಮನೆಗೆ ಬಂದು, "ಮೇಡಂ, ಹಳ್ಳಿಯಲ್ಲಿ ಯಾವ ಕೇಸು ಕಷ್ಟ?" ಎಂದು ಕೇಳುವುದುಂಟು. ಅಡ್ಡ ತಿರುಗಿದ ಕರುವಿನ ಬಗ್ಗೆಯೋ, ಹೊಟ್ಟೆ ಉಬ್ಬಿದ ಎತ್ತಿನ ಬಗ್ಗೆಯೋ ಹೇಳುತ್ತೇನೆಂದು ಅವರು ಕಾಯುತ್ತಾರೆ. ಅವೆಲ್ಲ ಕೈ ಪಳಗಿದರೆ ಬರುತ್ತವೆ. ನಿಜವಾದ ಕಷ್ಟದ ಕೇಸು ಎಂದರೆ, ಊರಿನ ದೊಡ್ಡ ಮನುಷ್ಯರ ಅಂಗಳದಲ್ಲಿ ಇರಬಾರದ ಪ್ರಾಣಿಯೊಂದು ಸರಪಳಿಯಲ್ಲಿ ನಿಂತಿರುವುದು. ಅದಕ್ಕೆ ಕಾಲೇಜಿನಲ್ಲಿ ಪಾಠವಿಲ್ಲ.

ನಾನು ಅಂಥದ್ದನ್ನು ಮೊದಲು ಕಂಡದ್ದು ಜೇವರ್ಗಿ ತಾಲೂಕಿನಲ್ಲಿ, ನೌಕರಿಗೆ ಸೇರಿದ ಹೊಸತರಲ್ಲಿ. ಭೀಮಾ ದಂಡೆಯ ತೋಟವೊಂದರಿಂದ ಕರೆ ಬಂತು. ತೋಟದ ಮಾಲೀಕ ರಸ್ತೆ ಗುತ್ತಿಗೆದಾರ. ದನಕ್ಕೆ ನೀರು ಕುಡಿಸುವ ಸಿಮೆಂಟಿನ ತೊಟ್ಟಿಯನ್ನೇ ದೊಡ್ಡದು ಮಾಡಿ, ಮೇಲೆ ಜಾಲರಿ ಹಾಕಿ, ಒಳಗೆ ಮೊಸಳೆ ಸಾಕಿದ್ದ. ಮರಿಯಾಗಿದ್ದಾಗ ಮೀನುಗಾರರ ಬಲೆಯಲ್ಲಿ ಸಿಕ್ಕಿತ್ತಂತೆ. ಈಗ ನನ್ನಷ್ಟು ಉದ್ದವಿತ್ತು. ಮೂತಿಯನ್ನು ಗೋಡೆಗೆ ತಿಕ್ಕಿ ತಿಕ್ಕಿ ಹುಣ್ಣಾಗಿತ್ತು. ನಾನು ಪಕ್ಕದ ಊರಿಗೆ ಹೋಗಿ, ಅಂಗಡಿಯ ಫೋನಿನಿಂದ ಮೇಲಧಿಕಾರಿಗೆ ವಿಷಯ ತಿಳಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮಗ ಹುಣ್ಣು ಕಂಡದಲ್ಲ? ಹುಣ್ಣಿಗಿ ಔಷಧ ಹಚ್ಚಿ ಬರ್ರಿ. ಉಳದದ್ದು ನೀವು ನೋಡೇ ಇಲ್ಲ."

ಹಾಗೇ ಮಾಡಿದೆ. ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿ, ಔಷಧದಲ್ಲಿ ಅದ್ದಿ ಹಚ್ಚಿ ಬಂದೆ. ಮುಂದಿನ ಮಳೆಗಾಲದಲ್ಲಿ ಭೀಮೆ ಉಕ್ಕಿ ತೋಟಕ್ಕೆ ನುಗ್ಗಿತು. ನೀರು ಇಳಿದಾಗ ತೊಟ್ಟಿ ಇತ್ತು, ಮೊಸಳೆ ಇರಲಿಲ್ಲ. ಗುತ್ತಿಗೆದಾರ ಅದನ್ನು ತಮಾಷೆಯ ಸಂಗತಿಯಂತೆ ಎಲ್ಲರಿಗೂ ಹೇಳಿಕೊಂಡು ನಕ್ಕ. ಕೆಳಗಿನ ಊರುಗಳಲ್ಲಿ ಹೆಂಗಸರು ನದಿಗಿಳಿದು ಬಟ್ಟೆ ಒಗೆಯುತ್ತಾರೆ. ಮನುಷ್ಯರ ಕೈಯಿಂದ ಮಾಂಸ ತಿಂದು ಬೆಳೆದ ಮೊಸಳೆ ಮನುಷ್ಯರಿಗೆ ಹೆದರುವುದಿಲ್ಲ. ಎಷ್ಟೋ ದಿನ ನಾನು ಆ ದಾರಿಯಲ್ಲಿ ಹೋಗುವಾಗ ಮೋಟಾರ್ ಸೈಕಲ್ ನಿಲ್ಲಿಸಿ, ಎಲ್ಲ ಕ್ಷೇಮವೇ ಎಂದು ಕೇಳುತ್ತಿದ್ದೆ. ಏಕೆ ಕೇಳುತ್ತಿದ್ದೇನೆಂದು ಮಾತ್ರ ಹೇಳುತ್ತಿರಲಿಲ್ಲ.

ಏನೂ ಆಗಲಿಲ್ಲ. ಆ 'ಏನೂ ಆಗಲಿಲ್ಲ' ಎಂಬುದೇ ನನ್ನನ್ನು ಕೆಡಿಸಿತು. ಕಂಡದ್ದನ್ನು ಕಾಣದಂತೆ ಇರುವುದು ನಾಜೂಕಿನ ಕೆಲಸ, ಅದರಿಂದ ಯಾರಿಗೂ ಹಾನಿಯಿಲ್ಲ ಎಂದು ನಂಬಿ ವರ್ಷಗಳನ್ನು ಕಳೆದೆ.

ನೌಕರಿಯ ಕೊನೆಯ ವರ್ಷಗಳಲ್ಲಿ ನಾನು ಆಳಂದ ತಾಲೂಕಿನ ಒಂದು ಹಳ್ಳಿಯ ದವಾಖಾನೆಯಲ್ಲಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಂದ ಮಹಾರಾಷ್ಟ್ರದ ಗಡಿ ಮೋಟಾರ್ ಸೈಕಲ್ ಮೇಲೆ ಅರ್ಧ ತಾಸಿನ ದಾರಿ. ನನ್ನ ಜೊತೆ ಇದ್ದವನು ಜವಾನ ಬೀರಪ್ಪ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಹಿರಿಯ, ಕುರಿ ಕಾಯುವ ಮನೆತನದವನು. ಪ್ರಾಣಿಯನ್ನು ಹಿಡಿದು ನಿಲ್ಲಿಸುವುದರಲ್ಲಿ ಅವನಷ್ಟು ನುರಿತವರನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಆ ಊರಿನ ತೊಗರಿ ವ್ಯಾಪಾರಿ ಗುರಪ್ಪ ಸಾವ್ಕಾರ. ಹಣೆಯ ಮೇಲೆ ವಿಭೂತಿ, ಬಿಳಿ ಅಂಗಿ, ಮೆತ್ತನೆಯ ಮಾತು. ಕೆಟ್ಟ ಮನುಷ್ಯ ಎನ್ನಲು ನನಗೆ ಈಗಲೂ ಬಾಯಿ ಬರುವುದಿಲ್ಲ. ದನಗಳನ್ನು ಒಳಗೆ ನಿಲ್ಲಿಸಿ ಸೂಜಿ ಹಾಕುವ ಕಬ್ಬಿಣದ ಚೌಕಟ್ಟು ನಮ್ಮ ದವಾಖಾನೆಯಲ್ಲಿ ಮುರಿದು ಬಿದ್ದಿತ್ತು. ಮೇಲಿನವರಿಗೆ ಬರೆದು ಬರೆದು ಸಾಕಾಗಿತ್ತು. ಸಾವ್ಕಾರರು ಒಂದು ದಿನ ಸುಮ್ಮನೆ ಬಂದು ನೋಡಿ, ವಾರದೊಳಗೆ ಹೊಸದನ್ನು ಮಾಡಿಸಿ ನಿಲ್ಲಿಸಿದರು. ತಮ್ಮ ಹೆಸರು ಬರೆಸಲೂ ಇಲ್ಲ. ಅಂಥವರು ಏನಾದರೂ ಕೇಳಿದರೆ ಇಲ್ಲವೆನ್ನುವುದು ಎಷ್ಟು ಕಷ್ಟವೆಂದು ಹೊಸಬರಿಗೆ ಬೇಗನೆ ಗೊತ್ತಾಗುತ್ತದೆ.

ಅವರು ಕೇಳಲು ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ಜೀಪಿನಲ್ಲಿ. ಡ್ರೈವರ್ ಹಿಂದಿನ ಬಾಗಿಲು ತೆಗೆದ. ಚರ್ಮದ ಪಟ್ಟಿ ಕಟ್ಟಿದ್ದ ಬೂದು ಬಣ್ಣದ ಪ್ರಾಣಿಯೊಂದು ಕೆಳಗಿಳಿಯಿತು. ಉದ್ದ ಕಾಲು, ಕಿರಿದಾದ ಎದೆ, ಕೆಳಗೆ ನೇರವಾಗಿ ಇಳಿಬಿದ್ದ ಬಾಲ, ಜೇನಿನ ಬಣ್ಣದ ಓರೆಗಣ್ಣು. ಬೊಗಳಲಿಲ್ಲ. ಅಂಗಳದಲ್ಲಿ ಕಟ್ಟಿದ್ದ ಆಡು ಮೆಲುಕು ಹಾಕುವುದನ್ನು ನಿಲ್ಲಿಸಿತು. ಒಂದು ಹೋರಿ ಹಗ್ಗ ಜಗ್ಗಿ ಗೂಟವನ್ನೇ ಅಲುಗಾಡಿಸಿತು.

"ಡಾಕ್ಟರಬಾಯಾರ, ಇಂವ ನಮ್ಮ ರಾಜಾ. ಹುಚ್ಚುನಾಯಿ ರೋಗದ ಸೂಜಿ ಹಾಕ್ರಿ. ಹಂಗೇ ಒಂದು ಕಾಗಜ ಮಾಡಿ ಕೊಡ್ರಿ, ಇದು ನಾಯಿ ಅಂತ."

ಬೀರಪ್ಪ ನನ್ನ ಪಕ್ಕದಲ್ಲೇ ನಿಂತಿದ್ದ. "ನಾಯಿನೇ ಇದ್ರ, ನಾಯಿ ಅಂತ ಕಾಗಜ ಯಾಕ ಬೇಕ್ರಿ ಸಾವ್ಕಾರ್ರ?" ಎಂದು ಕೇಳಿದ.

ಸಾವ್ಕಾರರು ನಕ್ಕರು. ಗಡಿಯಾಚೆ ಒಬ್ಬ ತನ್ನ ತೋಟದಲ್ಲಿ ತೋಳಕ್ಕೂ ನಾಯಿಗೂ ಕೂಡಿಸಿ ಮರಿ ಮಾಡಿಸಿ ಮಾರುತ್ತಾನೆ, ಫೋನಿನಲ್ಲಿ ವಿಡಿಯೋ ಹಾಕುತ್ತಾನೆ, ದೊಡ್ಡ ದೊಡ್ಡವರು ತೆಗೆದುಕೊಂಡಿದ್ದಾರೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಮರಿಯಿದ್ದಾಗ ಆಡಿನ ಹಾಲನ್ನು ಬಾಟಲಿಯಲ್ಲಿ ಹಾಕಿ ತಾವೇ ಕುಡಿಸಿದ್ದನ್ನು ಹೇಳುವಾಗ ಅವರ ಮುಖ ಅರಳಿತು. ಅವರಿಗೆ ಮಕ್ಕಳಿರಲಿಲ್ಲ. ಆ ಪ್ರಾಣಿಯ ಮೇಲಿನ ಪ್ರೀತಿ ಸುಳ್ಳಾಗಿರಲಿಲ್ಲ.

ಬೀರಪ್ಪ ನನ್ನನ್ನು ಒಳಗೆ ಕರೆದ. "ಬಾಯಾರ, ನಾ ಸಣ್ಣಾಂವ ಇದ್ದಾಗಿಂದ ತ್ವಾಳ ನೋಡೇನಿ. ಇದು ತ್ವಾಳ. ಬರೀಬ್ಯಾಡ್ರಿ."

"ಅರ್ಧ ಅಂತ ಅವರೇ ಹೇಳಾಕತ್ತಾರಲ್ಲ, ಬೀರಪ್ಪಣ್ಣ."

"ಅರ್ಧ ತ್ವಾಳ ಅಂದ್ರ ಏನ್ರಿ? ಹಲ್ಲು ಅರ್ಧ ಇರ್ತಾವೇನು?"

ನಾನು ಅವನ ಮಾತನ್ನು ಕೇಳಬೇಕಿತ್ತು. ಬದಲಿಗೆ ಮೇಲಧಿಕಾರಿಗೆ ಫೋನ್ ಮಾಡಿದೆ. ಜೇವರ್ಗಿಯ ಕಾಲದವರಲ್ಲ, ಬೇರೆಯವರು. ಉತ್ತರ ಮಾತ್ರ ಅದೇ ಮನೆತನದ್ದು. "ನಮ್ಮ ಕೆಲಸ ಸೂಜಿ ಹಾಕೋದು ಮೇಡಂ, ಜಾತಿ ಕೇಳೋದಲ್ಲ" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಅಷ್ಟು ಹೊತ್ತಿಗೆ ನಮ್ಮ ಕೆಲಸದ ರೀತಿಯೂ ಬದಲಾಗಿತ್ತು. ನಾನು ಸೇರಿದಾಗ ದೊಡ್ಡ ರಿಜಿಸ್ಟರ್ ಇತ್ತು. ಅದರಲ್ಲಿ ಏನು ಕಂಡಿತೋ ಅದನ್ನು ನಮ್ಮ ಕೈಯಿಂದ ಬರೆಯುತ್ತಿದ್ದೆವು. ಈಗ ಮೊಬೈಲಿನಲ್ಲಿ ಪಟ್ಟಿ ತೆರೆದುಕೊಳ್ಳುತ್ತದೆ: ದನ, ಎಮ್ಮೆ, ಕುರಿ, ಆಡು, ನಾಯಿ, ಬೆಕ್ಕು, ಕೋಳಿ. 'ಗೊತ್ತಿಲ್ಲ' ಎಂಬ ಸಾಲಿರಲಿಲ್ಲ. 'ಇದು ಇಲ್ಲಿರಬಾರದು' ಎಂಬ ಸಾಲಂತೂ ಇರಲೇ ಇಲ್ಲ. ಯಾವುದಾದರೂ ಒಂದನ್ನು ಒತ್ತದೆ ಮುಂದಿನ ಪುಟ ಬರುತ್ತಿರಲಿಲ್ಲ. ಆದರೆ ತಪ್ಪನ್ನು ಯಂತ್ರದ ಮೇಲೆ ಹಾಕುವುದಿಲ್ಲ. ಫೋನನ್ನು ಮೇಜಿನ ಮೇಲಿಟ್ಟು, ಆಗುವುದಿಲ್ಲ ಎನ್ನಬಹುದಿತ್ತು. ನಾನು 'ನಾಯಿ' ಒತ್ತಿದೆ. ತಳಿಯ ಜಾಗದಲ್ಲಿ 'ಅಲ್ಸೇಶಿಯನ್ ಮಿಶ್ರ' ಎಂದು ಸೇರಿಸಿದೆ. ಲಸಿಕೆಯ ಸೀಸೆಯ ಮೇಲೆ ಅದನ್ನು ಯಾವ ಯಾವ ಪ್ರಾಣಿಗೆ ಕೊಡಬಹುದೆಂದು ಅಚ್ಚಾಗಿರುತ್ತದೆ. ತೋಳದ ಹೆಸರು ಅದರಲ್ಲಿಲ್ಲ. ತೋಳದ ರಕ್ತವಿರುವ ಮೈಯಲ್ಲಿ ಅದು ಕೆಲಸ ಮಾಡುತ್ತದೋ ಇಲ್ಲವೋ ಯಾರೂ ಖಾತ್ರಿ ಕೊಟ್ಟಿಲ್ಲ. ಅದು ಗೊತ್ತಿದ್ದೂ ಸೂಜಿ ಹಾಕಿ, ಕಾಗದ ಕೊಟ್ಟೆ. ಬೀರಪ್ಪ ಆ ಪ್ರಾಣಿಯನ್ನು ಹಿಡಿದುಕೊಂಡ. ನನ್ನ ಮುಖವನ್ನು ಮಾತ್ರ ನೋಡಲಿಲ್ಲ.

ಮುಂದೆ ಒಂದು ವರ್ಷ ಕಳೆಯಿತು. ಮತ್ತೆ ಏನೂ ಆಗಲಿಲ್ಲ.

ಸಾವ್ಕಾರರ ತೋಟದ ಮನೆಯಲ್ಲಿ ಕಸ ಗುಡಿಸಿ, ದನದ ಕೊಟ್ಟಿಗೆ ನೋಡಿಕೊಳ್ಳುತ್ತಿದ್ದವಳು ಕಾಶೀಬಾಯಿ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ನಮ್ಮ ದವಾಖಾನೆಗೆ ತನ್ನ ಆಡುಗಳನ್ನು ಕರೆದುಕೊಂಡು ಬರುತ್ತಿದ್ದಳು, ಸರದಿ ತಪ್ಪಿದರೆ ಎಲ್ಲರೆದುರು ನನ್ನನ್ನೇ ಬೈಯುತ್ತಿದ್ದಳು. ಒಂದು ಬೆಳಿಗ್ಗೆ ಬೀರಪ್ಪ ಕೆಲಸಕ್ಕೆ ಬಂದವನು ಬಾಗಿಲಲ್ಲೇ ನಿಂತ.

"ಬಾಯಾರ, ಕಾಶೀಬಾಯಿಗಿ ಸಾವ್ಕಾರ್ರ ತ್ವಾಳ ಕಡದು ಹರದದ. ಮೂರು ದಿನ ಆತು. ಮಾತು ಹೊರಗ ಬರಗೊಟ್ಟಿಲ್ಲ."

ಆದದ್ದು ಇಷ್ಟು. ಪ್ರಾಣಿಯನ್ನು ತಗಡಿನ ಶೆಡ್ಡಿನಲ್ಲಿ ಕಟ್ಟಿದ್ದರು. ಕಾಶೀಬಾಯಿ ಒಳಗೆ ಬಿದ್ದಿದ್ದ ಎಲುಬಿನ ತಟ್ಟೆ ತೆಗೆಯಲು ಬಗ್ಗಿದಳು. ದಿನವೂ ಮಾಡುವ ಕೆಲಸವೇ. ಅದು ಗುರ್ ಎನ್ನಲೂ ಇಲ್ಲ. ಬಲಗೈಯನ್ನು ಮೊಣಕೈಯ ಕೆಳಗೆ ಹಿಡಿದು ಜಗ್ಗಿತು, ಅವಳು ಬಿದ್ದ ಮೇಲೆ ಕೆನ್ನೆಗೆ ಬಾಯಿ ಹಾಕಿತು. ಎಡಗೈಯಲ್ಲಿದ್ದ ಸಗಣಿ ಬುಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದದ್ದರಿಂದ ಕಣ್ಣು ಉಳಿಯಿತು. ಡ್ರೈವರ್ ಓಡಿಬಂದು ಸರಪಳಿ ಎಳೆದ. ಸಾವ್ಕಾರರು ತಮ್ಮ ಕಾರಿನಲ್ಲೇ ಅವಳನ್ನು ಒಂದು ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು "ಯಾವ ಪ್ರಾಣಿ?" ಎಂದು ಕೇಳಿದಾಗ ಫೋನಿನಲ್ಲಿದ್ದ ನನ್ನ ಪ್ರಮಾಣಪತ್ರ ತೋರಿಸಿ, ಅವರ ಫೋನಿಗೂ ಕಳಿಸಿದರು. ಲಸಿಕೆ ಹಾಕಿದ ಸಾಕುನಾಯಿ.

ನಾನು ಅದೇ ಗಳಿಗೆಗೆ ಮೋಟಾರ್ ಸೈಕಲ್ ಹತ್ತಿದೆ. ಬೀರಪ್ಪ ಹಿಂದೆ ಕುಳಿತ.

ಆಸ್ಪತ್ರೆಯಲ್ಲಿ ಕಾಶೀಬಾಯಿ ಗೋಡೆಗೆ ಒರಗಿ ಕುಳಿತಿದ್ದಳು. ಅರ್ಧ ಮುಖಕ್ಕೆ ಪಟ್ಟಿ, ಬಲಗೈ ಬಾತು ಕಪ್ಪಗಾಗಿತ್ತು. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ಹುಚ್ಚುನಾಯಿ ರೋಗದ ಲಸಿಕೆ ಶುರು ಮಾಡಿದ್ದೇನೆ ಎಂದರು. ಗಾಯದ ಸುತ್ತ ಹಾಕುವ ಸೀರಂ ಕೊಟ್ಟಿರಾ ಎಂದು ಕೇಳಿದೆ. ಲಸಿಕೆ ದೇಹದಲ್ಲಿ ಕೆಲಸ ಮಾಡಲು ದಿನಗಳು ಬೇಕು. ಅಲ್ಲಿಯವರೆಗೆ ಕಾಪಾಡುವುದು ಸೀರಂ. ಕಚ್ಚಿದ್ದು ಮುಖದ ಹತ್ತಿರವಾದರೆ ಕಾಯಲು ಸಮಯವೇ ಇರುವುದಿಲ್ಲ. ಆ ರೋಗ ಒಮ್ಮೆ ಕಾಣಿಸಿಕೊಂಡರೆ ಉಳಿದವರಿಲ್ಲ.

"ಸೀರಂ ಇಲ್ಲಿ ಸ್ಟಾಕ್ ಇಲ್ಲ ಮೇಡಂ. ನಾಯಿಗೆ ಲಸಿಕೆ ಆಗಿದೆ, ಹಾಗಾಗಿ ಕಲಬುರಗಿಗೆ ಕಳಿಸಲಿಲ್ಲ. ರೋಗವಿದ್ದರೆ ನಾಯಿ ಹತ್ತು ದಿನದೊಳಗೆ ಸಾಯುತ್ತದೆ, ಅಲ್ಲಿಯವರೆಗೆ ನೋಡೋಣ ಅಂತ."

"ಅದು ನಾಯಿ ಅಲ್ಲ."

ಅವರು ಫೋನ್ ತೆಗೆದು ನನ್ನ ಮುಂದೆ ಹಿಡಿದರು. "ಮೇಡಂ, ಇದು ನೀವೇ ಕೊಟ್ಟ ಸರ್ಟಿಫಿಕೇಟು."

"ಅದು ಸುಳ್ಳು. ನಾನು ಸುಳ್ಳು ಬರೆದಿದ್ದೇನೆ. ಹತ್ತು ದಿನದ ಲೆಕ್ಕ ನಾಯಿಗೆ ಮಾತ್ರ. ತೋಳಕ್ಕೆ ಅದು ನಡೆಯುವುದಿಲ್ಲ. ಈಗಲೇ ಕಳಿಸಿ."

ಕೋಣೆಯಲ್ಲಿದ್ದ ನರ್ಸು, ಬಾಗಿಲಲ್ಲಿದ್ದ ಸಾವ್ಕಾರರ ಡ್ರೈವರ್, ಪಕ್ಕದ ಮಂಚದ ರೋಗಿ ಎಲ್ಲರೂ ನನ್ನನ್ನೇ ನೋಡಿದರು. ಕಾಶೀಬಾಯಿ ಪಟ್ಟಿಯ ಸಂದಿಯಿಂದ, "ಏನಾಗ್ಯದ್ರಿ ಬಾಯಾರ? ನಾ ಸಾಯ್ತೇನೇನು?" ಎಂದಳು. ಆ ಪ್ರಶ್ನೆಗೆ ನಾನು "ಇಲ್ಲ" ಎಂದೆ. ಅದೂ ಖಾತ್ರಿಯಿಲ್ಲದೆ ಹೇಳಿದ ಮಾತೇ.

ಅಂಬುಲೆನ್ಸಿನಲ್ಲಿ ನಾನೂ ಹತ್ತಿದೆ. ಮಧ್ಯಾಹ್ನದೊಳಗೆ ಕಲಬುರಗಿ ಮುಟ್ಟಿದೆವು. ಅಲ್ಲಿ ಸೀರಂ ಇತ್ತು. ಗಾಯದೊಳಗೇ ಸೂಜಿ ಚುಚ್ಚುವಾಗ ಅವಳು ನನ್ನ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದಿದ್ದಳು. ಬೈಗುಳದಲ್ಲಿ ಯಾರನ್ನೂ ಬಿಡಲಿಲ್ಲ. ಸಾವ್ಕಾರರನ್ನು, ತೋಳವನ್ನು, ಡಾಕ್ಟರನ್ನು, ತನ್ನ ಸತ್ತ ಗಂಡನನ್ನು. ನನ್ನ ಹೆಸರು ಬರಲಿಲ್ಲ. ಪ್ರಮಾಣಪತ್ರದ ಮಾತು ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ.

ಅವಳು ಉಳಿದಳು. ಬಲಗೈಯ ಮೂರು ಬೆರಳುಗಳಲ್ಲಿ ಮಾತ್ರ ಶಕ್ತಿ ಬರಲಿಲ್ಲ. ನರ ಕತ್ತರಿಸಿಹೋಗಿತ್ತು.

ನಾನು ಊರಿಗೆ ಮರಳಿ ಎರಡು ಪುಟದ ವರದಿ ಬರೆದೆ. ನಾನು ಕೊಟ್ಟ ಪ್ರಮಾಣಪತ್ರ ತಪ್ಪು, ಈ ಪ್ರಾಣಿ ತೋಳ ಅಥವಾ ತೋಳದ ಮಿಶ್ರ, ಇದನ್ನು ಖಾಸಗಿಯಾಗಿ ಸಾಕಿದ್ದಾರೆ, ಗಡಿಯಾಚೆ ಇದರ ಮಾರಾಟ ನಡೆದಿದೆ. ಒಂದು ಪ್ರತಿ ನಮ್ಮ ಕಚೇರಿಗೆ, ಒಂದು ಅರಣ್ಯದವರಿಗೆ, ಒಂದು ಪೊಲೀಸರಿಗೆ. ಹದಿನೈದು ದಿನಕ್ಕೆ ನನಗೆ ನೋಟಿಸ್ ಬಂತು. ಸುಳ್ಳು ಪ್ರಮಾಣಪತ್ರ ಕೊಟ್ಟದ್ದರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಮೇಲಿನವರ ಅನುಮತಿಯಿಲ್ಲದೆ ಬೇರೆ ಇಲಾಖೆಗೆ ನೇರವಾಗಿ ಪತ್ರ ಬರೆದದ್ದೇಕೆ ಎಂದು ಕೇಳಿದ್ದರು. ಸುಳ್ಳು ಬರೆದಾಗ ನಾನು ಒಳ್ಳೆಯ ಅಧಿಕಾರಿಯಾಗಿದ್ದೆ. ನಿಜ ಬರೆದಾಗ ಶಿಸ್ತು ತಪ್ಪಿದವಳಾದೆ.

ಅರಣ್ಯದ ಅಧಿಕಾರಿಯೊಬ್ಬರು ಬಂದು ಪ್ರಾಣಿಯ ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಿದರು. ತಿಂಗಳುಗಳು ಹಿಡಿದವು. ಅಷ್ಟೂ ದಿನ ರಾಜಾ ಸಾವ್ಕಾರರ ತೋಟದಲ್ಲೇ, ಅದೇ ಶೆಡ್ಡಿನಲ್ಲೇ ಇತ್ತು. ಕೊನೆಗೆ ಫಲಿತಾಂಶ ಬಂತು: ತಾಯಿ ನಾಯಿ, ತಂದೆ ತೋಳ.

ಅಷ್ಟರಲ್ಲಿ ಸುದ್ದಿ ಪತ್ರಿಕೆಗೆ ಹೋಗಿತ್ತು. ಹಾಗಾಗಿ ಒಂದು ಸಭೆ ಕರೆದರು. ಉದ್ದ ಮೇಜು, ಒಂದು ಕಡೆ ಅರಣ್ಯದವರು, ಇನ್ನೊಂದು ಕಡೆ ನಮ್ಮವರು, ಎದುರಿಗೆ ಗುರಪ್ಪ ಸಾವ್ಕಾರರು. ಗೋಡೆಯ ಹತ್ತಿರದ ಕುರ್ಚಿಯಲ್ಲಿ ಕಾಶೀಬಾಯಿ, ಅವಳ ಹಿಂದೆ ಬೀರಪ್ಪ ನಿಂತಿದ್ದ. ಅವಳನ್ನು ಯಾರೂ ಕರೆದಿರಲಿಲ್ಲ. ನಾನು ಕರೆದುಕೊಂಡು ಹೋಗಿದ್ದೆ.

ಅರಣ್ಯದ ಅಧಿಕಾರಿ ಮೊದಲು ಮಾತಾಡಿದರು. ತೋಳವನ್ನು ಸಾಕುವುದು ಅಪರಾಧ, ಆದರೆ ಇದು ಪೂರ್ತಿ ತೋಳವಲ್ಲ, ಕಾಯ್ದೆಯ ಪಟ್ಟಿಯಲ್ಲಿ ಮಿಶ್ರದ ಹೆಸರಿಲ್ಲ, ಹಾಗಾಗಿ ನಮ್ಮ ಕೈ ಕಟ್ಟಿದೆ ಎಂದರು. ಕಾಡುಪ್ರಾಣಿ ದಾಳಿ ಎಂದು ಪರಿಹಾರ ಕೊಡುವುದಕ್ಕೂ ಬರುವುದಿಲ್ಲ, ಏಕೆಂದರೆ ಇದು ಕಾಡಿನಿಂದ ಬಂದದ್ದಲ್ಲ. ನಮ್ಮ ಮೇಲಧಿಕಾರಿ, ಇದು ಪೂರ್ತಿ ನಾಯಿಯೂ ಅಲ್ಲ, ಹಾಗಾಗಿ ನಮಗೂ ಸಂಬಂಧವಿಲ್ಲ ಎಂದರು. ಒಬ್ಬರ ಮಾತಿಗೆ ಇನ್ನೊಬ್ಬರು ತಲೆಯಾಡಿಸುತ್ತಿದ್ದರು. ಚಹಾ ಬಂತು. ಹೊರದೇಶದ ಹಾವು, ಹಕ್ಕಿ ಸಾಕುವವರು ನೋಂದಣಿ ಮಾಡಿಸಬೇಕೆಂಬ ನಿಯಮ ಬಂದಿದೆಯಲ್ಲ, ಅದರಲ್ಲಿ ಇದನ್ನು ತೂರಿಸಬಹುದೇ ಎಂದು ಒಬ್ಬರು ಕೇಳಿದರು. ಇದು ಹೊರದೇಶದ್ದಲ್ಲವಲ್ಲ ಎಂದು ಇನ್ನೊಬ್ಬರು ಹೇಳಿದರು.

ಸಾವ್ಕಾರರು ಕೈಮುಗಿದು ಎದ್ದು ನಿಂತರು. "ನಾ ಕದ್ದು ಸಾಕಿಲ್ರಿ. ಕಾಗಜ ಕೇಳೇನಿ, ಸೂಜಿ ಹಾಕಿಸೇನಿ. ಸಾಕಬಾರ್ದು ಅನ್ನಬ್ಯಾಡ್ರಿ, ಒಂದು ಲೈಸೆನ್ಸ್ ಮಾಡ್ರಿ. ಬಂದೂಕಿಗಿ ಕೊಡಂಗಿಲ್ಲೇನು? ಜಿಮ್ಮೇದಾರಿ ಇದ್ದವ್ರು ಇಟಗೋತಾರ."

ಹಲವರಿಗೆ ಅದು ಸರಿ ಎನಿಸಿತು. ಬಹಳ ಜನ ಈಗಲೂ ಹೀಗೇ ವಾದ ಮಾಡುತ್ತಾರೆ, ಓದಿದವರೂ. ನಿಷೇಧಿಸಿದರೆ ಕದ್ದು ಸಾಕುತ್ತಾರೆ, ಪರವಾನಗಿ ಕೊಟ್ಟರೆ ಲೆಕ್ಕಕ್ಕೆ ಸಿಗುತ್ತಾರೆ ಎಂದು. ನಾನು ಎದ್ದೆ.

"ಸಾವ್ಕಾರ್ರ, ಬಂದೂಕಿಗಿ ಹಸಿವ ಆಗಂಗಿಲ್ಲ. ಅದು ತಾನಾಗೇ ಕಪಾಟಿನಿಂದ ಇಳದು ಬರಂಗಿಲ್ಲ. ನೀವು ಊರಾಗ ಇಲ್ಲದ ದಿನ ಕಾಶೀಬಾಯಿ ಅದಕ್ಕ ಅನ್ನ ಹಾಕಬೇಕಾಗಿಲ್ಲ. ಲೈಸೆನ್ಸಿನ ಮ್ಯಾಲ ಹೆಸರು ನಿಮ್ಮದು ಇರ್ತದ, ಹತ್ತಿರ ಹೋಗೋ ಕೈ ಈಕಿದು ಇರ್ತದ. ಮತ್ತ ಆ ಲೈಸೆನ್ಸಿಗಿ ದಸ್ತಕತ್ ಹಾಕೋರು ಯಾರು? ನನ್ನಂಥವರೇ. ನನ್ನ ಸಹಿ ಎಂಥದ್ದು ಅಂತ ಇಲ್ಲಿ ಎಲ್ಲಾರಿಗೂ ಗೊತ್ತದ."

ಮೇಲಧಿಕಾರಿ "ಮೇಡಂ, ಕೂಡ್ರಿ" ಎಂದರು. ನಾನು ಕೂಡಲಿಲ್ಲ. ಸಭೆಯ ಅಧ್ಯಕ್ಷತೆ ವಹಿಸಿದ್ದವರು ವಿಷಯ ಬದಲಿಸಲೆಂದೋ ಏನೋ, ಗೋಡೆಯ ಕಡೆ ತಿರುಗಿ, "ನಿಮ್ಮನ್ನು ಕಚ್ಚಿದ್ದು ಏನಮ್ಮ? ನೋಡಾಕ ತೋಳದಂಗಿತ್ತೋ, ನಾಯಿಯಂಗಿತ್ತೋ?" ಎಂದು ಕೇಳಿದರು.

ಕಾಶೀಬಾಯಿ ಎದ್ದು ನಿಲ್ಲಲಿಲ್ಲ. ಸೆರಗಿನೊಳಗಿದ್ದ ಬಲಗೈಯನ್ನು ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ತ್ವಾಳ ಏನೋ, ನಾಯಿ ಏನೋ, ನನಗ ತಿಳ್ಯಂಗಿಲ್ರಿ. ಅದಕ್ಕ ಮಾಲಕ ಇದ್ದ. ಅದು ತಿಳೀತದ."

ಅರಣ್ಯದ ಅಧಿಕಾರಿ ಕೈಯಲ್ಲಿದ್ದ ಪರೀಕ್ಷೆಯ ವರದಿಯನ್ನು ಮಡಚಿ ಒಳಗಿಟ್ಟರು. ಕಾಯ್ದೆ ಓದಿದ ಅಷ್ಟು ಜನ ಎರಡು ತಾಸು ಹುಡುಕಿದ್ದು ಆ ಪ್ರಾಣಿಯ ಹೆಸರನ್ನು. ತನ್ನ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಅದು ಅಪರಾಧ ಎಂಬ ಹಳೆಯ ಕಲಮು ನಮ್ಮ ಕಾನೂನಿನಲ್ಲಿ ಮೊದಲಿನಿಂದಲೂ ಇದೆ. ಅದಕ್ಕೆ ಪ್ರಾಣಿಯ ರಕ್ತಪರೀಕ್ಷೆ ಬೇಕಿಲ್ಲ, ಮಾಲೀಕ ಯಾರೆಂದು ಗೊತ್ತಿದ್ದರೆ ಸಾಕು. ಸಭೆಯ ಅಧ್ಯಕ್ಷರ ಸೂಚನೆಯಂತೆ ಪೊಲೀಸರು ಆ ದಿನ ಸಂಜೆ ಅದೇ ಕಲಮಿನ ಕೆಳಗೆ ಕೇಸು ದಾಖಲಿಸಿದರು. ಅದು ಕಚ್ಚಿ ಆಗಲೇ ಏಳು ತಿಂಗಳಾಗಿತ್ತು. ಆ ಕಲಮಿನ ಶಿಕ್ಷೆ ಎಷ್ಟು ಸಣ್ಣದೆಂದರೆ ಬರೆಯಲು ನಾಚಿಕೆಯಾಗುತ್ತದೆ. ಸಾವ್ಕಾರರು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೊರಗೆ ಬಂದರು. ಮರಿ ಮಾರುವ ಗಡಿಯಾಚೆಯವನ ವಿಚಾರ ಬೇರೆ ರಾಜ್ಯದ್ದೆಂದು ಯಾರೂ ಮುಟ್ಟಲಿಲ್ಲ. ಅವನ ವಿಡಿಯೋಗಳು ಮೊನ್ನೆಯವರೆಗೂ ಬರುತ್ತಿದ್ದವು.

ರಾಜಾನನ್ನು ದೂರದ ಒಂದು ಮೃಗಾಲಯದ ಹಿಂಭಾಗದ ಪಂಜರಕ್ಕೆ ಒಯ್ದರು. ಸಾಗಿಸುವ ಮುನ್ನ ಅರಿವಳಿಕೆ ಕೊಡಬೇಕಿತ್ತು, ಕೊಟ್ಟವಳು ನಾನೇ. ಬೀರಪ್ಪ ಅದರ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಕಣ್ಣು ಮುಚ್ಚುವ ತನಕ ಅದು ಸಾವ್ಕಾರರನ್ನೇ ನೋಡುತ್ತಿತ್ತು. ಕಾಡಿಗೆ ಬಿಟ್ಟರೆ ಬದುಕುವುದಿಲ್ಲ, ನಾಯಿಗಳ ಜೊತೆ ಬಿಡುವಂತಿಲ್ಲ, ತೋಳಗಳ ಜೊತೆ ಕೂಡಿಹಾಕುವಂತಿಲ್ಲ. ತನಗೆ ಜಾಗವೇ ಇಲ್ಲದ ಲೋಕಕ್ಕೆ ಅದನ್ನು ಹುಟ್ಟಿಸಿದ್ದು ಮನುಷ್ಯ. ಅದರ ಮೇಲೆ ನನಗೆ ಯಾವತ್ತೂ ಸಿಟ್ಟು ಬರಲಿಲ್ಲ. ಮುಂದಿನ ಚಳಿಗಾಲ ದಾಟದೆ ಅದು ಪಂಜರದಲ್ಲೇ ಸತ್ತಿತೆಂದು ಕೇಳಿದೆ.

ಸಾವ್ಕಾರರು ಅದನ್ನು ನೋಡಲು ಮೂರು ಸಲ ಅಷ್ಟು ದೂರ ಹೋಗಿಬಂದಿದ್ದರು. ದವಾಖಾನೆಯ ಮುಂದೆ ಕಾರು ನಿಲ್ಲಿಸಿ, "ನನ್ನ ಗುರ್ತ ಹಿಡೀತ್ರಿ ಬಾಯಾರ, ಪಂಜರಕ್ಕ ಮೂತಿ ಹಚ್ಚಿತು" ಎಂದು ಕಣ್ಣೊರೆಸಿಕೊಂಡರು. ನನಗೆ ಆ ಕ್ಷಣ ಅಯ್ಯೋ ಎನಿಸಿದ್ದು ನಿಜ. ಆಮೇಲೆ ಕೇಳಿದೆ: "ಕಾಶೀಬಾಯಿ ಮನಿಗಿ ಎಷ್ಟು ಸಲ ಹೋಗಿ ಬಂದ್ರಿ?"

ಅವಳ ಮನೆ ಅವರ ಗೋದಾಮಿನಿಂದ ಎರಡು ಓಣಿ ಆಚೆ. ಅವರು ಕಾರು ಹತ್ತಿದರು. ಆಮೇಲೆ ನನ್ನೊಂದಿಗೆ ಮಾತು ಬಿಟ್ಟರು. ನಾನು ನಿವೃತ್ತಳಾದ ದಿನ ಊರವರು ಶಾಲು ಹೊದಿಸಿದ ಸಭೆಗೂ ಬರಲಿಲ್ಲ.

ನಾನೂ ಕಾಶೀಬಾಯಿಯ ಮನೆಗೆ ಹೋಗಬೇಕಿತ್ತು. ಧೈರ್ಯ ಬಂದದ್ದು ನಿವೃತ್ತಿಯಾಗಿ ಒಂದು ತಿಂಗಳ ಮೇಲೆ. ಮಧ್ಯಾಹ್ನದ ಹೊತ್ತು. ಒಲೆಯ ಮುಂದೆ ಅವಳ ಸೊಸೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕಾಶೀಬಾಯಿ ಪಕ್ಕದಲ್ಲಿ ಕುಳಿತು, ಹಿಟ್ಟು ಸಾಲದು, ನೀರು ಹೆಚ್ಚಾಯಿತು ಎಂದು ತಪ್ಪು ಹುಡುಕುತ್ತಿದ್ದಳು. ಊರಲ್ಲಿ ಅವಳಷ್ಟು ತೆಳ್ಳಗೆ ರೊಟ್ಟಿ ಬಡಿಯುವವರು ಇರಲಿಲ್ಲವಂತೆ. ಕೆನ್ನೆಯ ಮೇಲೆ ಗಾಯದ ಗೆರೆ ಹೊಳೆಯುತ್ತಿತ್ತು.

ಕುಳಿತು ಎಲ್ಲವನ್ನೂ ಹೇಳಿದೆ. ಕಾಗದ ಏನೆಂದು, ಬೀರಪ್ಪ ಬೇಡವೆಂದದ್ದು, ಆದರೂ ನಾನು ಬರೆದದ್ದು, ಆ ಕಾಗದದಿಂದಲೇ ಆಸ್ಪತ್ರೆಯಲ್ಲಿ ಅವಳ ಮೂರು ದಿನ ಹಾಳಾದದ್ದು. "ನನ್ನ ತಪ್ಪು, ಕಾಶೀಬಾಯಿ. ಮಾಫಿ ಮಾಡ್ರಿ" ಎಂದೆ.

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಎಡಗೈಯಿಂದ ನನ್ನ ಮುಂದೆ ತಟ್ಟೆ ಸರಿಸಿ, ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿ, ಸಮಾಧಾನದ ದನಿಯಲ್ಲಿ ಹೇಳಿದಳು:

"ಉಣ್ರಿ ಬಾಯಾರ. ನೀವು ಬರೀಲಿಲ್ಲಂದ್ರ ಬ್ಯಾರೆ ಯಾರರೆ ಬರದು ಕೊಡ್ತಿದ್ರು."

ನನ್ನನ್ನು ಸಂತೈಸಲೆಂದೇ ಹಾಗೆಂದಳು. ಅವಳ ಮಟ್ಟಿಗೆ ಅದು ಮಳೆ ಬಿಸಿಲಿನಷ್ಟೇ ಖಚಿತ: ದೊಡ್ಡವರಿಗೆ ಬೇಕಾದ ಕಾಗದ ಯಾರಾದರೂ ಬರೆದುಕೊಡುತ್ತಾರೆ. ನಾನು ಆ ರೊಟ್ಟಿಯನ್ನು ಹೇಗೆ ತಿಂದೆನೋ ಗೊತ್ತಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರೇ, ನನ್ನನ್ನು ಕ್ಷಮಿಸಲು ಅವಳಿಗೆ ಸಿಕ್ಕ ಕಾರಣ ಅದೊಂದೇ. ಮತ್ತು ಆ 'ಬೇರೆ ಯಾರೋ' ಎಂದರೆ ಈಗ ನೀವು.